ತಿಪ್ಪೇಶ್ ಬಯಸಿದ ತಿದ್ದುಪಡಿ

ತಿಪ್ಪೇಶ್ ತೀರಿಕೊಂಡು ತಿಂಗಳಾಯಿತು. ಶಿವನಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದ ನನ್ನ ಈ ಗೆಳೆಯ ನಿವೃತ್ತನಾದ ಮೇಲೆ ಊರಿನ ತೆಂಗು ಬೆಳೆಗಾರರ ಸಂಘವನ್ನೇ ಮನೆ ಮಾಡಿಕೊಂಡಿದ್ದ. ಅಧ್ಯಕ್ಷರಾದವರ ಕೇರಿಯ ಕಾಯಿ ಮೊದಲು ಲಾರಿ ಹತ್ತಿ ಕಡೂರಿಗೆ ಹೋಗುತ್ತದೆ, ಮಿಕ್ಕವರದು ಅಂಗಳದಲ್ಲೇ ಮೊಳೆಯುತ್ತದೆ. ಇದು ತಪ್ಪಬೇಕೆಂಬುದು ಅವನ ಹಟ. ಪದವೀಧರ ಕ್ಷೇತ್ರದ ಚುನಾವಣೆಯಲ್ಲಿ ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಬರೆದು ಮತ ಹಾಕುತ್ತೇವಲ್ಲ, ಸಂಘದಲ್ಲೂ ಹಾಗೇ ಆಗಲಿ ಎಂದು ಎಲ್ಲರನ್ನೂ ಒಪ್ಪಿಸಿದ.

ಕಳೆದ ಸಲ ಮೇಲಿನ ಕೇರಿಯಿಂದ ಚನ್ನಬಸಪ್ಪ, ಕೆಳಗಿನ ಕೇರಿಯಿಂದ ಷಣ್ಮುಖಪ್ಪ, ಊರಾಚೆಯ ತೋಟದ ಮನೆಯಿಂದ ಕೆಂಚಮ್ಮ ನಿಂತರು. ಎರಡೂ ಕೇರಿಗೆ ಒಪ್ಪಿಗೆಯಾದವರು ಕೆಂಚಮ್ಮನೇ. ಆದರೆ ನಮ್ಮಲ್ಲಿ ಒಂದನೇ ಅಂಕಿ ನೆಂಟರಿಗೆ ಮೀಸಲು. ಮನಸ್ಸಿನಲ್ಲಿದ್ದವರಿಗೆ ಎರಡನೆಯದು. ಒಂದನೇ ಅಂಕಿಗಳನ್ನಷ್ಟೇ ನೋಡುವ ಮೊದಲ ಎಣಿಕೆಯಲ್ಲಿ ಎಲ್ಲರಿಗಿಂತ ಕಡಿಮೆ ಬಂದು, ನಿಯಮದಂತೆ ಆಕೆಯೇ ಹೊರಬಿದ್ದರು. ಉಳಿದಿಬ್ಬರಲ್ಲಿ ಚನ್ನಬಸಪ್ಪ ಗೆದ್ದರು. ಆಕೆಯ ಹೆಸರಿನ ಮುಂದಿದ್ದ ಅಷ್ಟೊಂದು ಎರಡುಗಳನ್ನು ಯಾರೂ ಎಣಿಸಲೇ ಇಲ್ಲ.

"ಏನಪ್ಪಾ ತಿಪ್ಪೇಶ, ನಿನ್ ಒಂದು ಎರಡು ಮೂರರಲ್ಲಿ ನಮ್ ಕಾಯಿಗೆ ನಾಕನೇ ನಂಬರ್ ಬಂತಲ್ಲೋ!" ಎಂದು ಷಣ್ಮುಖಪ್ಪ ಹಂಗಿಸಿದರು.

ಆ ಮಾತು ಅವನಿಗೆ ನಾಟಿತು. ಒಂದು ದಿನ ನನ್ನನ್ನು ಕೂರಿಸಿಕೊಂಡು ಹೇಳಿದ: "ಕಡಿಮೆ ಬಂದೋರ್ನ ಸುಮ್ನೆ ಎತ್ತಾಕ್ಬಾರ್ದು ಕಣೋ. ಎಲ್ಲರಿಗಿಂತ ಕಡಿಮೆ ಬಂದ ಇಬ್ಬರನ್ನ ಎದುರುಬದುರು ನಿಲ್ಸು. ಅವರಿಬ್ಬರಲ್ಲಿ ಜನ ಯಾರನ್ನ ಮೇಲೆ ಬರ್ದವ್ರೆ ಅಂತ ಎಲ್ಲಾ ಚೀಟೀನೂ ನೋಡು. ಸೋತೋರು ಮಾತ್ರ ಆಚೆಗೆ." ಹಾಗೆ ಎಣಿಸಿದ್ದರೆ, ಕಡಿಮೆ ಬಂದ ಆ ಇಬ್ಬರಲ್ಲಿ ಚನ್ನಬಸಪ್ಪನ ಕಡೆಯವರೇ ಕೆಂಚಮ್ಮನನ್ನು ಉಳಿಸಿ ಷಣ್ಮುಖಪ್ಪನನ್ನು ಬಿಡುತ್ತಿದ್ದರು. ಆಮೇಲೆ ಷಣ್ಮುಖಪ್ಪನ ಕಡೆಯವರ ಮತದಿಂದ ಆಕೆ ಗೆಲ್ಲುತ್ತಿದ್ದರು.

ಈ ಸಲದ ಚುನಾವಣೆಗೆ ಮುಂಚೆ ಇದನ್ನು ಸಂಘದ ಬೈಲಾಗೆ ಸೇರಿಸಬೇಕೆಂದು ಮನೆಮನೆ ತಿರುಗಿದ. ಅಷ್ಟರಲ್ಲಿ ಎದೆನೋವು ಬಂತು. ಆಂಬುಲೆನ್ಸ್ ತರೀಕೆರೆ ಮುಟ್ಟುವ ಮೊದಲೇ ಹೋಗಿಬಿಟ್ಟ.

ಚುನಾವಣೆಗೆಂದು ಕರೆದ ಸಭೆಯಲ್ಲಿ ಅವನ ಮಾತನ್ನು ನಾನು ಆಡಬೇಕಿತ್ತು. ಮೌನಾಚರಣೆ ಮುಗಿದದ್ದೇ ಚನ್ನಬಸಪ್ಪ ಎದ್ದರು. "ತಿಪ್ಪೇಶಣ್ಣ ಸಂಘಕ್ಕೇ ಜೀವ ತೇದೋನು. ಅವನು ಹೋದ ತಿಂಗಳೇ ಊರು ಎರಡಾಗೋದು ಬ್ಯಾಡ ಕಣ್ರಪ್ಪ. ಅವನ ಗೌರವಕ್ಕೆ ಈ ಸಲ ನನ್ನನ್ನೇ ಅವಿರೋಧ ಮಾಡ್ಬಿಡಿ."

ಅವಿರೋಧ ಎಂದ ಮೇಲೆ ಬೇಡ ಎಂದವರು ಊರಿಗೆ ಕೆಟ್ಟವರು. ಷಣ್ಮುಖಪ್ಪ ಕಣ್ಣೊರೆಸಿಕೊಂಡು ನಾಮಪತ್ರ ಹಿಂದಕ್ಕೆ ಪಡೆದರು. ಅವರ ಕಣ್ಣೀರು ನಿಜವಾದದ್ದೇ. ನಾನು ಎದ್ದು ತಿದ್ದುಪಡಿ ಎನ್ನುವಷ್ಟರಲ್ಲಿ, "ಮುಂದಿನ ಸಲಕ್ಕೆ ಇಟ್ಕಳನ ಕಣಣ್ಣ, ಈಗ ಎಲ್ರೂ ದುಃಖದಾಗವ್ರೆ" ಎಂದು ಪಕ್ಕದವರು ಕೈಹಿಡಿದು ಕೂರಿಸಿದರು.

ಆಚೆ ಕೆಂಚಮ್ಮ ಚಪ್ಪಲಿ ಹುಡುಕುತ್ತಿದ್ದರು.

"ನೀವೂ ವಾಪಸ್ ತಗಂಡ್ರಾ ಕೆಂಚಮ್ಮ?" ಎಂದೆ.

"ಸತ್ತೋನ ಹೆಸರು ಹೇಳಿ ಕೇಳಿದ್ರೆ, ಹೆಂಗಣ್ಣ ಇಲ್ಲ ಅನ್ನಾದು?"