ಪುರೇ ಎಂದರೆ ಪೂರಾ

ಒಂದೇ ಬಣ್ಣದ ನಾಲ್ಕು ಚಹಾದ ಕಪ್ಪುಗಳು ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಹಾಗಾಗಿ ಮೇಘಾ, ಸಂಭಾಜಿನಗರದ ನಿನ್ನ ಬಾಡಿಗೆ ಕೋಣೆಯಿಂದ ಫೋನ್ ಮಾಡಿ, "ಅಜ್ಜಿ, ಗೆಳತ್ಯಾರನ್ನ ಚಹಾಕ್ಕ ಕರೀಬೇಕು, ಖರ್ಚು ಕಮೀ ಆಗಬೇಕು. ಕಪ್-ಬಶಿ ಸೆಟ್ ತಗೋಬೇಕೋ, ನಕೋ?" ಎಂದು ಕೇಳಿದಾಗ ನನಗೆ ನಗು ಬಂತು. ಬೇಡವೋ ಅನ್ನುವ ಕಡೆ ನಕೋ ಅಂದೆ; ನಿನ್ನ ಪ್ರಶ್ನೆಯಲ್ಲಿ ಕನ್ನಡ ಮುಗಿದು ಮರಾಠಿ ಎಲ್ಲಿ ಶುರುವಾಯಿತೋ, ನನ್ನ ಉತ್ತರವೂ ಸರಿಯಾಗಿ ಅಲ್ಲಿಯೇ ಸಿಕ್ಕಿಕೊಂಡಿದೆ. ನೀನಾಗಲಿ, ನಿನ್ನ ತಮ್ಮ ಓಂಕಾರನಾಗಲಿ ಕನ್ನಡ ಓದಲಾರಿರಿ. ಈ ಕಾಗದವನ್ನು ನಿಮ್ಮಪ್ಪನಿಂದ ಫೋನಿನಲ್ಲಿ ಓದಿಸಿಕೊಳ್ಳಿ. ಅವನಿಗೂ ಈ ಸಂಗತಿ ಪೂರಾ ಗೊತ್ತಿಲ್ಲ.

ಚಹಾದ ಖರ್ಚು ದೊಡ್ಡದಲ್ಲ. ಜೊತೆಗೆ ಹಚ್ಚಿದ ಅವಲಕ್ಕಿ ಮಾಡು. ತೆಳು ಅವಲಕ್ಕಿ, ಹೆಚ್ಚಿದ ಉಳ್ಳಾಗಡ್ಡಿ, ಶೇಂಗಾ, ಖಾರದ ಪುಡಿ, ಹಸಿ ಎಣ್ಣೆ ಇದ್ದರಾಯಿತು, ಒಲೆ ಹಚ್ಚುವ ಕೆಲಸವೇ ಇಲ್ಲ. ಕೊಡುವ ಹೊತ್ತಿಗೆ ಕಲಸು; ಮೊದಲೇ ಕಲಸಿಟ್ಟರೆ ಮೆತ್ತಗಾಗಿ, ಬಂದವರು ಹೊಗಳಲು ಸುಳ್ಳು ಹೇಳಬೇಕಾಗುತ್ತದೆ. ಕಪ್ಪುಗಳು ಬೇರೆ ಬೇರೆ ಬಣ್ಣದವಾದರೆ ಒಳ್ಳೆಯದೇ, ಯಾರದು ಯಾವುದೆಂದು ಗುರುತು ಸಿಗುತ್ತದೆ. ಇದರಲ್ಲೆಲ್ಲ ದುಬಾರಿಯಾದದ್ದು "ಬನ್ನಿ" ಎಂಬ ಮಾತು. ನನಗಂತೂ ಹೌದು.

ನಿಮ್ಮಜ್ಜ ಹೋದ ಮೇಲೆ ನಿಮ್ಮಪ್ಪ ನನ್ನನ್ನು ಮರಾಠಿ ಸೀಮೆಯ ಓಝರ್‌ನ ಈ ಮನೆಗೆ ಕರೆತಂದ. ನೀವಿಬ್ಬರೂ ಆಗ ಚಿಕ್ಕವರು. ಅವನು ಕಾರ್ಖಾನೆಗೆ, ನಿಮ್ಮಮ್ಮ ಪಾಠ ಹೇಳಲು, ನೀವು ಹೇಳಿಸಿಕೊಳ್ಳಲು ಹೊರಟರೆ ಮಧ್ಯಾಹ್ನವೆಲ್ಲ ಫ್ರಿಜ್ಜಿನ ಗುಂಯ್ ಸದ್ದು ಮತ್ತು ನಾನು. ಊರಲ್ಲೂ ಮಾತಾಡುತ್ತಿದ್ದವರು ನಿಮ್ಮಜ್ಜ, ಅವರ ಹಿಂದೆ ನಿಂತು ತಲೆಯಾಡಿಸುತ್ತಿದ್ದವಳು ನಾನು. ಇಲ್ಲಿ ತಲೆಯಾಡಿಸುವುದಕ್ಕೂ ಯಾರೂ ಇರಲಿಲ್ಲ. ಪಕ್ಕದ ಮನೆಯ ಮಂಗಲತಾಯಿ ಬಟ್ಟೆ ಒಣಹಾಕುತ್ತ ಗೋಡೆಯ ಆಚೆಯಿಂದ "ಜೇವಣ್ ಝಾಲಂ ಕಾ, ಆಜೀ?" ಎಂದು ಊಟ ವಿಚಾರಿಸುತ್ತಿದ್ದರು. ನಾನು ಒಳಗೆ ಓಡುತ್ತಿದ್ದೆ. ಹೀಗೇ ಓಡುತ್ತಿದ್ದರೆ ಅವರೂ ಕೇಳುವುದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ನನಗೆ ಫ್ರಿಜ್ಜೇ ಗತಿ ಎಂಬ ಭಯ ಹುಟ್ಟಿತು. ಆ ಭಯದಲ್ಲೇ ನಿಮ್ಮಮ್ಮನಿಂದ "ಚಹಾಲಾ ಯಾ", ಅಂದರೆ ಚಹಾಕ್ಕೆ ಬನ್ನಿ, ಎಂಬುದನ್ನು ಕಲಿತು, ಅಕ್ಕಿ ಆರಿಸುವಾಗೆಲ್ಲ ಬಾಯಿಪಾಠ ಮಾಡಿ, ಒಂದು ದಿನ ಗೋಡೆಯತ್ತ ಒದರಿಬಿಟ್ಟೆ.

ಮಂಗಲತಾಯಿ ತಮ್ಮ ನಾದಿನಿಯನ್ನೂ ಕರೆದುಕೊಂಡು ಬಂದರು. ನಾನು ಚಹಾ ಸುರಿಯತೊಡಗಿದೆ. ಕಪ್ಪು ಅರ್ಧ ತುಂಬುವಷ್ಟರಲ್ಲಿ ಅವರು "ಪುರೇ, ಪುರೇ" ಎಂದರು. ನಮ್ಮ ಕಡೆ ಪೂರಾ ಎಂದರೆ ಇಡೀ, ಭರ್ತಿ. ನಾನು ಬೆರಗಾದೆ. ನಮ್ಮೂರ ಹೆಂಗಸರು ಬಾಯಾರಿ ಬಂದಿದ್ದರೂ ಒಲ್ಲೆ ಒಲ್ಲೆ ಎಂದ ಮೇಲೇ ಕಪ್ಪು ಮುಟ್ಟುವುದು. ಇವರೆಷ್ಟು ಮನಸ್ಸು ಬಿಚ್ಚಿ ಕೇಳುತ್ತಾರೆ! ಅಂಚಿನವರೆಗೆ ಸುರಿದೆ. "ಅಹೋ ಆಜೀ, ಪುರೇ!" ಎಂದು ಕೂಗಿದರು. ಕಪ್ಪಿನ ಕೆಳಗಿನ ಬಶಿಗೂ ಸುರಿದೆ. ನಾದಿನಿಯೂ ಅದನ್ನೇ ಅಂದರು, ಅವರಿಗೂ ಅದೇ ಉಪಚಾರ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬೆವರುತ್ತ, ಸೊರ್ರೆಂದು ಕುಡಿದು ಮುಗಿಸಿದರು. ಮೊಸರಿಗೆಂದು ತೆಗೆದಿಟ್ಟ ಹಾಲೂ ಖಾಲಿ.

ಸಂಜೆ ನಿಮ್ಮಮ್ಮ ಬಂದಾಗ ಹೆಮ್ಮೆಯಿಂದ ಹೇಳಿದೆ: "ಎಷ್ಟ್ ಪ್ರೀತಿಲೇ ಕುಡದ್ರು ನೋಡವಾ! ಪೂರಾ ಪೂರಾ ಅಂತ ಕೇಳಿ ಹಾಕಿಸ್ಕೊಂಡ್ರು."

ಅವಳು ಹೆಗಲ ಚೀಲ ಇಳಿಸದೆಯೇ ನಗತೊಡಗಿದಳು. "ಅಯ್ಯ ಅತ್ತೀ, ಪುರೇ ಅಂದ್ರ ಸಾಕು ಅಂತರೀ! ಪಾಪ, ಅವರು ಸಾಕು ಸಾಕು ಅಂತ ಬಡ್ಕೊಂಡಾರ, ನೀವು ಬಶಿಗೂ ಸುರದೀರಿ!"

ಎರಡೂ ಮಾತಿಗೆ ತವರು ಒಂದೇ ಇರಬೇಕೆಂದು ನನಗೆ ಆಮೇಲೆ ಅನ್ನಿಸಿತು. ತುಂಬಿದ ಮೇಲೆ ಸಾಕು ಅನ್ನುವುದು ಸಹಜವೇ. ಈ ಕಡೆಯವರಿಗೆ ಅರ್ಧ ಕಪ್ಪಿಗೇ ತುಂಬುತ್ತದೆ, ಅಷ್ಟೇ ವ್ಯತ್ಯಾಸ. ಆದರೆ ಈ ಪಾಂಡಿತ್ಯದಿಂದ ನನ್ನ ಮರ್ಯಾದೆಯೇನೂ ಮರಳಲಿಲ್ಲ. ಗೋಡೆಯ ಕಡೆ ಹೋಗುವುದನ್ನೇ ಬಿಟ್ಟೆ. ಬಟ್ಟೆಯನ್ನೂ ಒಳಗೆ ಫ್ಯಾನಿನ ಕೆಳಗೇ ಒಣಗಿಸಿದೆ.

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಮಂಗಲತಾಯಿ, ಕೈಯಲ್ಲಿ ಹಾಲಿನ ಪಾತ್ರೆ. ನಿಮ್ಮಮ್ಮ ಎಲ್ಲವನ್ನೂ ಅವರ ಕಿವಿಗೆ ಹಾಕಿದ್ದಳು. ನನ್ನನ್ನು ಕೇಳದೆ ಅಡುಗೆಮನೆಗೆ ಹೋಗಿ ಹಾಲನ್ನು ಒಲೆಯ ಮೇಲಿಟ್ಟರು. ಚಹಾ ಸೋಸಿ ಸುರಿಯುವಾಗ ನಾನು ಈ ಸಲ ಜಾಣಳಾಗಿ ಅರ್ಧಕ್ಕೇ ಕೈ ತಡೆದೆ. ಅವರು ಕಪ್ಪನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದನ್ನು ಇನ್ನಷ್ಟು ಮುಂದೆ ಚಾಚಿ, ನಗು ತಡೆದುಕೊಂಡು, "ಪುರೇ, ಆಜೀ, ಪುರೇ!" ಎಂದರು.

ಅಂಚಿನವರೆಗೆ ಸುರಿದೆ.

ಅಂದಿನಿಂದ ಈ ಗಲ್ಲಿಯಲ್ಲಿ ನಮ್ಮ ಮನೆಯೊಂದರಲ್ಲಿ ಮಾತ್ರ ಪುರೇ ಎಂದರೆ ಪೂರಾ. ನಿಜವಾಗಿ ಸಾಕಾದವರು ಕಪ್ಪನ್ನು ಅಂಗೈಯಿಂದ ಮುಚ್ಚಬೇಕು. ಕಪ್ಪಿನ ಸೆಟ್ಟು ಬೇಡ, ಮೇಘಾ. ಹಾಲಿನ ಪಾಕೀಟು ಮಾತ್ರ ಒಂದು ಹೆಚ್ಚಿಗೆ ತಂದಿಡು.