ಮೇಲಿನ ಊರಿನಲ್ಲಿ ತಂಗಿದವರ ಲೆಕ್ಕ

2020ರ ಅಕ್ಟೋಬರ್ 1, ಗುರುವಾರ. ಆಧಾರ: ಕ್ಯೋಟೋದ ನನ್ನ ಬಾಡಿಗೆ ಕೋಣೆಯ ಅಂಚೆಪೆಟ್ಟಿಗೆಗೆ ಬಂದಿದ್ದ ಜಪಾನಿನ ಜನಗಣತಿಯ ನಮೂನೆ. ಆ ದಿನಕ್ಕೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ನೆಲೆಸಿದ ವಿದೇಶೀಯರೂ ಲೆಕ್ಕಕ್ಕೆ ಸೇರುತ್ತಾರೆಂದು ಅದರಲ್ಲಿತ್ತು. ನಾನು ಬಂದದ್ದು ಫೆಬ್ರುವರಿಯಲ್ಲಿ, ಇಲ್ಲಿನ ನಕ್ಷೆಗಳ ಸಂಗ್ರಹವನ್ನು ನೋಡಿ ಮೇ ತಿಂಗಳಲ್ಲಿ ಮೈಸೂರಿಗೆ ಮರಳುವ ಉದ್ದೇಶದಿಂದ. ಮಾರ್ಚಿನಲ್ಲಿ ವಿಮಾನಗಳು ನಿಂತವು. ಆಮೇಲೆ ಸಿಕ್ಕ ಒಂದು ವಿಮಾನವನ್ನು ನನ್ನ ವಯಸ್ಸನ್ನು ನೆನೆದು ಮಗಳು ಬೇಡವೆಂದಳು. ಆಕೆ ಒಕಾಜಾಕಿಯಲ್ಲಿ ಸಂಶೋಧಕಿ. ಅವಳ ಸಂಸ್ಥೆಯ ವಸತಿಯಲ್ಲಿ ಒಬ್ಬರಿಗಷ್ಟೇ ಅವಕಾಶ.

ನಮೂನೆ ಬರುವ ಕೆಲವು ದಿನಗಳ ಹಿಂದೆ ಗಣತಿದಾರರು ಬಂದಿದ್ದರು. ಇದೇ ಬೀದಿಯ ಹಿರಿಯ ಮಹಿಳೆ. ಸೋಂಕಿನ ಭಯದಿಂದ ಬಾಗಿಲು ತೆರೆಸದೆ, ಕರೆಗಂಟೆಯ ಪುಟ್ಟ ಪರದೆಯಲ್ಲಿ ಮುಖ ತೋರಿಸಿ ‘ಸುಮಿಮಾಸೆನ್’, ಕ್ಷಮಿಸಿ, ಎಂದರು. ನನ್ನ ಜಪಾನಿ ಭಾಷೆಯ ಮಟ್ಟ ಅರಿತವರಂತೆ ಒಂದು ಬೆರಳೆತ್ತಿ, ಒಬ್ಬರೇನಾ ಎಂಬಂತೆ ನೋಡಿದರು. ನಾನೂ ಒಂದು ಬೆರಳೆತ್ತಿದೆ. ಪರದೆಯಲ್ಲಿ ನಾನು ಅವರಿಗೆ ಕಾಣುವುದಿಲ್ಲವೆಂಬುದು ತಡವಾಗಿ ಹೊಳೆದು, ಜಪಾನಿಯಲ್ಲಿ ‘ಹಾಯ್’, ಹೌದು, ಎಂದೆ. ಆ ವಾರ ನಾನು ಇನ್ನೊಬ್ಬರ ಎದುರು ಬಾಯಿಬಿಟ್ಟು ಆಡಿದ ಮಾತು ಬಹುಶಃ ಅದೊಂದೇ.

ನನ್ನ ಮೇಜಿನ ಮೇಲಿದ್ದುದು ಇನ್ನೊಂದು ಗಣತಿ. ಉತ್ತರಾಖಂಡದಲ್ಲಿ ಟಿಬೆಟ್ ಗಡಿಗೆ ತಾಗಿದ ಒಂದು ಜಿಲ್ಲೆಯ ಭೂವಿವರ ಮತ್ತು ಜನಸಂಖ್ಯೆಯ ಬಗ್ಗೆ ನಾನು ಬರೆದ ಪುಸ್ತಕ ಮುಗಿದಿತ್ತು, ಮುನ್ನುಡಿಯೊಂದನ್ನು ಕಳಿಸಬೇಕಿತ್ತು. ಆ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ ಇಷ್ಟು ಜನ ಎಂಬ ಸರಾಸರಿಗೆ ಹೆಚ್ಚು ಅರ್ಥವಿಲ್ಲ. ಉತ್ತರದ ನೆಲವೆಲ್ಲ ಹಿಮ, ಬಂಡೆ. ಜನರಿರುವುದು ನದಿಗಳು ಕೊರೆದ ಇಕ್ಕಟ್ಟಾದ ಕಣಿವೆಗಳಲ್ಲಿ. ಅಲ್ಲಿಯೂ ಅನೇಕ ಕುಟುಂಬಗಳಿಗೆ ಎರಡು ಊರು: ಬೇಸಿಗೆಗೆ ಮೇಲಿನದು, ಚಳಿಗಾಲಕ್ಕೆ ಕೆಳಗಿನದು. ದೇಶಕ್ಕೆಲ್ಲ ಫೆಬ್ರುವರಿಯಲ್ಲಿ ನಡೆಯುವ ಎಣಿಕೆ ಅಲ್ಲಿಯೂ ಆಗಲೇ ನಡೆದರೆ ಮೇಲಿನ ಊರಿನಲ್ಲಿ ಸೊನ್ನೆ ಬರುತ್ತದೆ. ಆದ್ದರಿಂದ 2011ರ ಗಣತಿಯಲ್ಲಿ ಹಿಮಾವೃತ ಪ್ರದೇಶಗಳನ್ನು ಮೊದಲೇ, 2010ರ ಸೆಪ್ಟೆಂಬರಿನಲ್ಲಿ ಎಣಿಸಿದರು. ಅವುಗಳ ಆಧಾರದಿನ ಅಕ್ಟೋಬರ್ 1. ಅದೇ ದಿನಕ್ಕೆ ಹೊಂದುವಂತೆ ಅಂಥದೊಂದು ಮೇಲಿನ ಊರಿನಲ್ಲಿ ನಾನು ನನ್ನದೇ ಸಮೀಕ್ಷೆ ಮಾಡಿದ್ದೆ.

ಮುನ್ನುಡಿಯಲ್ಲಿ ಹೀಗೆ ಬರೆದಿದ್ದೆ: ‘ಆ ಊರಿನ ಕಲ್ಲುಹಾಸಿನ ಓಣಿಯಲ್ಲಿ ನನ್ನ ಪತ್ನಿ ನನ್ನೊಡನೆ ಮನೆಗಳನ್ನು ಎಣಿಸಿದಳು. ಬೀಗ ಹಾಕಿದ ಮನೆಯನ್ನು ಖಾಲಿ ಎಂದು ಬರೆಯಬೇಡಿ ಎಂದಳು.’ ಆಕೆ ತೀರಿಕೊಂಡು ಏಳು ವರ್ಷ. ನಾವಿಬ್ಬರೂ ಕೂಡಿ ಹೋದ ಕ್ಷೇತ್ರಕಾರ್ಯ ಅದೊಂದೇ ಆದ್ದರಿಂದ ಇಡೀ ಪುಸ್ತಕದಲ್ಲಿ ನನಗೆ ಬೇಕಾಗಿದ್ದುದು ಆ ಎರಡು ವಾಕ್ಯ.

ಅಂದು ಸಂಜೆ ನಮೂನೆ ತುಂಬಿಸಲು ಮಗಳು ಫೋನ್ ಮಾಡಿದಳು.

“ಅಪ್ಪ, ಹೌಸ್‌ಹೋಲ್ಡ್ ಸೈಜ್ ಒಂದು. ಅದಕ್ಕೂ ಫುಟ್‌ನೋಟ್ ಹಾಕ್ಬೇಡ ಮತ್ತೆ.”

“ಹಾಕೋಕೆ ಜಾಗಾನೇ ಬಿಟ್ಟಿಲ್ಲ ಕಣೇ ಇವರು.”

ಅವಳು ನಕ್ಕಳು. ಆಮೇಲೆ, “ಪ್ರಿಫೇಸ್ ಓದಿದೆ. ಚೆನ್ನಾಗಿದೆ. ಆದ್ರೆ... ಅಮ್ಮ ಅಲ್ಲಿಗೆ ಬಂದಿರಲಿಲ್ಲ ಅಪ್ಪ,” ಎಂದಳು.

“ಬಂದಿದ್ದಳು. ಟಿಕೆಟ್ ಮಾಡಿಸಿದ್ದು ನಾನೇ.”

“ಮಾಡ್ಸಿದ್ದೆ. ನಾನು ಸ್ಕೂಟಿಯಿಂದ ಬಿದ್ದು ಕಾಲು ಮುರ್ಕೊಂಡ್ನಲ್ಲ, ಕ್ಯಾನ್ಸಲ್ ಮಾಡಿದ್ಲು. ಬೀಗದ ಮಾತು ಅವಳು ಹೇಳಿದ್ದು ಫೋನಲ್ಲಿ. ನೀನು ಕೆಳಗಿನ ಪೇಟೆಗೆ ಇಳಿದು ಬಂದು ಫೋನ್ ಮಾಡಿದ್ದೆ. ಸ್ಪೀಕರ್‌ನಲ್ಲಿ ನಾನೂ ಇದ್ದೆ.”

“ಆಧಾರ?”

“ನನ್ನ ಕಾಲು, ಅಪ್ಪ. ಇನ್ನೂ ರಾಡ್ ಇದೆ. ನೀನು ಎಲ್ಲಾನೂ ಚೆಕ್ ಮಾಡ್ತೀಯ, ಇದನ್ನ ಮಾಡಿಲ್ವಾ?”

ಮಾಡಿರಲಿಲ್ಲ. ಜಿಲ್ಲೆಯ ಪ್ರತಿಯೊಂದು ಸಂಖ್ಯೆಯನ್ನೂ ಎರಡು ಮೂಲಗಳೊಡನೆ ತಾಳೆ ನೋಡಿದ ನನಗೆ ಆ ವಾಕ್ಯಗಳಿಗೂ ಮೂಲ ಬೇಕೆಂದು ಅನ್ನಿಸಿರಲಿಲ್ಲ. ಕಣ್ಣು ಮುಚ್ಚಿದರೆ ಆಕೆ ಕಾಣುತ್ತಾಳೆ: ಹಸಿರು ಸ್ವೆಟರು, ಚಳಿಗಾಲಕ್ಕೆಂದು ಆಲೂಗಡ್ಡೆಯನ್ನು ಗುಂಡಿಯಲ್ಲಿ ಮುಚ್ಚುತ್ತಿದ್ದವರ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಭಂಗಿ.

ಸಮೀಕ್ಷೆಯ ನನ್ನ ನೋಟುಪುಸ್ತಕ ಸೂಟ್‌ಕೇಸಿನಲ್ಲೇ ಇತ್ತು. ಅದನ್ನು ತೆರೆಯಲು ಮೂರು ದಿನ ತೆಗೆದುಕೊಂಡೆ. ಆ ದಿನಗಳಲ್ಲಿ ಬೀದಿ ತುದಿಯ ಕೊಂಬಿನಿ ಅಂಗಡಿಗೆ ಹೋಗಿ ಹಾಲು, ಬ್ರೆಡ್ ತಂದೆ; ಗಣತಿಯ ನಮೂನೆಯನ್ನು ಅಂಚೆಗೆ ಹಾಕಿದೆ; ಮುನ್ನುಡಿಯ ಬೇರೆಲ್ಲ ವಾಕ್ಯಗಳನ್ನು ತಿದ್ದಿದೆ. ನನ್ನ ಸಮೀಕ್ಷೆಗಳಲ್ಲಿ ನಾನೇ ಮಾಡಿಕೊಂಡ ನಿಯಮವೊಂದಿದೆ: ರಾತ್ರಿ ಯಾವ ಮನೆಯಲ್ಲಿ ತಂಗುತ್ತೇನೋ ಆ ಮನೆಯ ಪುಟದಲ್ಲಿ ನನ್ನನ್ನೂ, ನನ್ನ ಜೊತೆಗೆ ಬಂದವರನ್ನೂ ಅತಿಥಿಗಳ ಸಾಲಿಗೆ ಸೇರಿಸಬೇಕು. ಎಣಿಸುವವನು ತನ್ನನ್ನು ಬಿಟ್ಟು ಎಣಿಸಿದರೆ ಊರಿನ ಲೆಕ್ಕ ತಪ್ಪುತ್ತದೆಂದು ವಿದ್ಯಾರ್ಥಿಗಳಿಗೂ ಹೇಳುತ್ತಿದ್ದೆ. ಆದ್ದರಿಂದ ಉತ್ತರ ಯಾವ ಪುಟದಲ್ಲಿದೆಯೆಂದು ನನಗೆ ಮೊದಲೇ ಗೊತ್ತಿತ್ತು.

ನಾಲ್ಕನೆಯ ದಿನ, ಭಾನುವಾರ, ಆ ಪುಟ ತೆರೆದೆ. ನಾನು ತಂಗಿದ್ದ ಮನೆಯ ಸದಸ್ಯರ ವಿವರದ ಕೆಳಗೆ, 2010ರ ಸೆಪ್ಟೆಂಬರ್ 30ರ ರಾತ್ರಿಗೆ ಸಂಬಂಧಿಸಿ, ಪೆನ್ಸಿಲಿನಲ್ಲಿ, ಸಂದೇಹಕ್ಕೆ ಎಡೆಯಿಲ್ಲದ ನನ್ನದೇ ಅಕ್ಷರಗಳಲ್ಲಿ ಹೀಗಿದೆ: ‘ಅತಿಥಿಗಳು: ಗಂಡಸು ಒಬ್ಬ. ಹೆಂಗಸು ಇಲ್ಲ.’