ಏರಿನಲ್ಲಿ ಬರುವ ಸದ್ದು

ಅಪ್ಪ ಅಮ್ಮ ಇಟ್ಟ ಹೆಸರು ಅವನ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಮಿಕ್ಕ ಕಡೆಯೆಲ್ಲ ಅವನು ಕಿವಿಯಣ್ಣ. ಯಾರಾದರೂ ಕೆಟ್ಟ ಮೋಟಾರ್ ಸೈಕಲ್ಲನ್ನು ಅವನ ಶೆಡ್ಡಿನ ಮುಂದೆ ತಂದು ನಿಲ್ಲಿಸಿದರೆ ಅವನು ಮೊದಲು ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ. ಸ್ಟಾರ್ಟ್ ಮಾಡಿ ಎಂದು ಹೇಳಿ, ಕೈ ಕಟ್ಟಿಕೊಂಡು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಲ್ಲುತ್ತಿದ್ದ. ಅರ್ಧ ನಿಮಿಷದ ಮೇಲೆ ಬೇರಿಂಗ್ ಹೋಗಿದೆ ಎಂದರೆ ಬೇರಿಂಗ್ ಹೋಗಿರುತ್ತಿತ್ತು, ರಿಂಗ್ ಎಂದರೆ ರಿಂಗ್. ಗಿರಾಕಿಗಳು ಬಾಯಿ ಬಿಟ್ಟು ನೋಡುತ್ತಿದ್ದರು. ಅವರು ಹಾಗೆ ನೋಡಲಿ ಅಂತಲೇ ಅವನು ಆ ಅರ್ಧ ನಿಮಿಷವನ್ನು ಇನ್ನಷ್ಟು ಎಳೆಯುತ್ತಾನೆ ಎಂಬುದು ಪಕ್ಕದ ಅಂಗಡಿಯ ವೆಲ್ಡಿಂಗಿನವನ ದೂರು. ದೂರಿನಲ್ಲಿ ಸುಳ್ಳೇನೂ ಇರಲಿಲ್ಲ.

ಹಳೆಯ ಎಂಜಿನ್ನುಗಳಲ್ಲಿ ಕಿಡಿ ಹಾರುವ ಹೊತ್ತನ್ನು ಕೈಯಿಂದಲೇ ಹೊಂದಿಸಬೇಕು. ಪಕ್ಕದ ಮುಚ್ಚಳ ತೆಗೆದರೆ ಅಂಗೈಯಗಲದ ಒಂದು ತಟ್ಟೆ ಇರುತ್ತದೆ. ಎರಡು ಸ್ಕ್ರೂ ಸಡಿಲಿಸಿ ಅದನ್ನು ಕೂದಲೆಳೆಯಷ್ಟು ಆಚೆ ತಿರುಗಿಸಿದರೆ ಕಿಡಿ ಬೇಗ ಹಾರುತ್ತದೆ, ಈಚೆ ತಿರುಗಿಸಿದರೆ ತಡವಾಗಿ. ಬೇಗ ಹಾರಿದರೆ ಗಾಡಿ ಜೋರಾಗಿ ಎಳೆಯುತ್ತದೆ. ತೀರಾ ಬೇಗ ಹಾರಿದರೆ ಏರಿನಲ್ಲಿ ಎಂಜಿನ್ನಿನ ಒಳಗಿನಿಂದ ಕಿಣಿಕಿಣಿ ಎಂದು ತೆಳ್ಳನೆಯ ಸದ್ದೊಂದು ಬರುತ್ತದೆ. ಅದು ಎಂಜಿನ್ನು ತನ್ನನ್ನು ತಾನೇ ಬಡಿದುಕೊಳ್ಳುವ ಸದ್ದು. ಅದನ್ನು ಲೆಕ್ಕಿಸದೆ ಓಡಿಸಿದರೆ ಒಳಗೆಲ್ಲ ಕಾದು, ಒಂದು ದಿನ ಪಿಸ್ಟನ್ ಕಚ್ಚಿಕೊಂಡು ನಿಂತುಬಿಡುತ್ತದೆ. ಇದನ್ನು ಅಳೆಯಲು ಗೇಜು ಸಿಗುತ್ತದೆ. ಕಿವಿಯಣ್ಣ ನಲವತ್ತು ವರ್ಷದಲ್ಲಿ ಅದನ್ನು ಕೊಂಡವನಲ್ಲ. ತಟ್ಟೆ ಸರಿಸು, ಓಡಿಸು, ಕೇಳು. ಅವನ ವಿದ್ಯೆ ಇಷ್ಟೇ, ಅವನ ಜಂಭವೂ ಇಷ್ಟೇ.

ಸೈಲೆನ್ಸರ್ ಬಿಚ್ಚಿದ ಎಂಜಿನ್ನುಗಳ ಪಕ್ಕದಲ್ಲಿ ಅಷ್ಟು ವರ್ಷ ಕೂತ ಕಿವಿ ಹಾಗೇ ಉಳಿಯುವುದಕ್ಕೆ ಅದೇನು ಕಲ್ಲಿನದೇ? ಮೊದಲು ಹೋದದ್ದು ತೆಳ್ಳನೆಯ ಸದ್ದುಗಳು. ಬಾಗಿಲ ಗಂಟೆ ಹೋಯಿತು, ಫೋನಿನ ಟಿಣ್ ಹೋಯಿತು, ಮೊಮ್ಮಗಳ ಮಾತಿನಲ್ಲಿ ಅರ್ಧ ಹೋಯಿತು. ಮನೆಯಲ್ಲಿ ಟಿವಿಯ ಸದ್ದು ಏರುತ್ತಾ ಹೋಗಿ ಹೆಂಡತಿ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳತೊಡಗಿದಳು. ಈಗಿನ ಜನಕ್ಕೆ ಬಾಯಿ ಬಿಟ್ಟು ಮಾತಾಡುವುದಕ್ಕೂ ಸೋಮಾರಿತನ ಎಂದು ಅವನು ಮೂಗು ಮುರಿಯುತ್ತಿದ್ದ. ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತು ಮಾಡಿಕೊಳ್ಳಲು ಮನಸ್ಸಿರಲಿಲ್ಲ. ಎಂಜಿನ್ನಿನ ದಪ್ಪ ಸದ್ದು ಇನ್ನೂ ಕೇಳುತ್ತಿತ್ತಲ್ಲ, ಸಾಕು ಎಂದುಕೊಂಡಿದ್ದ.

ಹೀಗಿರುವಾಗ ತಂಗಿಯ ಗಾಡಿ ಕೈಗೆ ಬಂತು. ಅದು ಅವಳ ಗಂಡನದು, ಐವತ್ತು ವರ್ಷ ಹಳೆಯದು, ಇಬ್ಬರು ಎತ್ತಿ ಮೆಟ್ಟಿಲು ಹತ್ತಿಸಬಹುದಾದಷ್ಟು ಹಗುರ. ಗಂಡ ತೀರಿಕೊಂಡ ಮೇಲೆ ಎರಡು ವರ್ಷ ಮೆಟ್ಟಿಲ ಕೆಳಗೆ ಹಳೆಯ ಪರದೆ ಹೊದ್ದು ನಿಂತಿತ್ತು. ತಂಗಿಗೆ ನಲವತ್ತೊಂಬತ್ತು. ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸ. ಅವಳು ಚುಚ್ಚಿದರೆ ಮಕ್ಕಳೂ ಅಳುವುದಿಲ್ಲ ಎಂದು ಅಲ್ಲಿ ಮಾತಿತ್ತು. ಒಂದು ಭಾನುವಾರ ಅವಳು ಬಂದು, ಬಸ್ಸಿಗೆ ಕಾದು ಸಾಕಾಗಿದೆ, ಇವರ ಗಾಡಿಯಲ್ಲೇ ಕೆಲಸಕ್ಕೆ ಹೋಗುತ್ತೇನೆ, ಸರಿ ಮಾಡಿಕೊಡು ಎಂದಳು. ಮನೆ ತುಂಬ ಸತ್ತವರ ಸಾಮಾನು, ಒಂದಾದರೂ ಓಡಾಡಲಿ ಎಂದೂ ಹೇಳಿದಳು. ಅವನು ಅದನ್ನು ಕೇಳಿಸಿಕೊಂಡನೋ ಇಲ್ಲವೋ, ತಲೆಯಂತೂ ಆಡಿಸಿದ.

ಏಳು ತಿಂಗಳು ಹಿಡಿಯಿತು. ಪ್ರತಿ ನಟ್ಟನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಹೊಸದಾಗಿ ಹಾಕಿ ನೇರ ಮಾಡಿದ. ಟ್ಯಾಂಕಿನ ಹಸಿರನ್ನು ಮೂರು ಸಲ ಹಿಂದಕ್ಕೆ ಕಳಿಸಿದಾಗ ಪೇಂಟರ್, ಇದೇನು ಮದುವೆ ಹೆಣ್ಣಾ ಎಂದು ಕೇಳಿದ. ಕೊನೆಗೆ ಗಾಡಿ ಶೆಡ್ಡಿನಿಂದ ಹೊರಗೆ ಬಂದಾಗ ವೆಲ್ಡಿಂಗಿನವನು ಕೆಲಸ ನಿಲ್ಲಿಸಿ ಬಂದು, ಕೈ ಒರೆಸಿಕೊಂಡ ಮೇಲೆ ಮುಟ್ಟಿದ. ಆದರೆ ಹೊಳೆಯುವುದು ಬೇರೆ, ಓಡುವುದು ಬೇರೆ. ಮನೆ ಮುಂದೆ ಚೆನ್ನಾಗಿ ಉಸಿರಾಡುವ ಗಾಡಿ ಆಸ್ಪತ್ರೆಯ ಏರಿನಲ್ಲಿ ಮುದುಕನ ಹಾಗೆ ಏದುತ್ತಿತ್ತು. ಕಿವಿಯಣ್ಣ ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿದ, ಸೈಲೆನ್ಸರಿನ ಮಸಿ ಸುಟ್ಟು ತೆಗೆದ. ಆಮೇಲೆ ತಟ್ಟೆಯನ್ನು ಆಚೆ ಸರಿಸಿದ. ಎಳೆತ ಬಂತು. ಇನ್ನೊಂದು ಚೂರು ಸರಿಸಿದ, ಇನ್ನಷ್ಟು ಬಂತು. ತೆಳ್ಳನೆಯ ಸದ್ದು ಬರುತ್ತದೆಯೇ ಎಂದು ಏರಿನಲ್ಲಿ ತಲೆ ವಾಲಿಸಿ ಕೇಳಿದ. ಬರಲಿಲ್ಲ. ಬರಲಿಲ್ಲ ಎಂದಮೇಲೆ ಇನ್ನೊಂದು ಚೂರು.

ತಂಗಿ ಒಂದು ವಾರ ಓಡಿಸಿ ಶೆಡ್ಡಿಗೆ ಬಂದಳು. ಏರಿನಲ್ಲಿ ಏನೋ ಸದ್ದು ಬರುತ್ತದೆ, ಡಬ್ಬಿಯಲ್ಲಿ ಗುಂಡುಸೂಜಿ ಹಾಕಿ ಅಲ್ಲಾಡಿಸಿದ ಹಾಗೆ ಎಂದಳು. ಅವನು ಅವಳನ್ನು ಹಿಂದೆ ಕೂರಿಸಿಕೊಂಡು ಏರಿಗೆ ಹೋದ. ಅರ್ಧ ದಾರಿಯಲ್ಲಿ ಅವಳು, ಈಗ ನೋಡು, ಈಗ ಬರುತ್ತಿದೆ ಎಂದು ಕಿವಿಯ ಹತ್ತಿರವೇ ಕೂಗಿದಳು. ಅವನು ಕೇಳಿದ. ಗಾಳಿ ಕೇಳಿತು, ಎಂಜಿನ್ನಿನ ಗುಡುಗುಡು ಕೇಳಿತು, ಅಷ್ಟೆ. ಆ ಕ್ಷಣದಲ್ಲಿ ಎದೆಯಲ್ಲಿ ಒಂದು ಸಣ್ಣ ತಣ್ಣನೆಯ ಅನುಮಾನ ಹಾದುಹೋಯಿತು. ಅದನ್ನು ಅವನು ಅಲ್ಲೇ ಗುಳುಂ ಮಾಡಿದ. ಇಳಿದ ಮೇಲೆ ಚೈನ್ ಕವರಿನ ಎರಡು ಸ್ಕ್ರೂ ಬಿಗಿ ಮಾಡಿ, ದೊಡ್ಡ ಮನುಷ್ಯನ ಹಾಗೆ ನಕ್ಕ.

"ಹೊಸದಾಗಿ ಗಾಡಿ ಓಡಿಸೋರಿಗೆ ಇಲ್ಲದ ಸದ್ದೆಲ್ಲ ಕೇಳುತ್ತೆ ಪುಟ್ಟಿ. ನಲವತ್ತು ವರ್ಷದ ಕಿವಿ ಇದು, ನನಗೆ ಕೇಳದೇ ಇರೋದು ನಿನಗೆ ಕೇಳುತ್ತಾ?"

ಅವಳು ಗಾಡಿ ತೆಗೆದುಕೊಂಡು ಹೋದಳು. ಅಣ್ಣ ಹೇಳಿದ ಮೇಲೆ ಮುಗಿಯಿತು. ಆ ಮನೆಯಲ್ಲಿ ಮೊದಲಿನಿಂದಲೂ ಹಾಗೆಯೇ.

ಇನ್ನೂ ಹನ್ನೊಂದು ದಿನ ಗಾಡಿ ಓಡಿತು. ಹನ್ನೆರಡನೆಯ ಬೆಳಿಗ್ಗೆ, ಏರಿನ ಕೊನೆಯ ತಿರುವಿನಲ್ಲಿ ಪಿಸ್ಟನ್ ಕಚ್ಚಿಕೊಂಡಿತು. ಹಿಂದಿನ ಚಕ್ರ ಬಿಗಿದುಕೊಂಡಿತು, ಗಾಡಿ ಅಡ್ಡಲಾಗಿ ಜಾರಿತು. ತಂಗಿ ಎಡಗೈ ಊರಿ ಬಿದ್ದಳು. ಹಿಂದೆ ಬರುತ್ತಿದ್ದ ವ್ಯಾನಿನವನು ಸರಿಯಾದ ಹೊತ್ತಿಗೆ ಬ್ರೇಕ್ ಹಾಕಿದ. ಅವನು ಹಾಕದಿದ್ದರೆ ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಮಣಿಕಟ್ಟಿನ ಎರಡೂ ಮೂಳೆ ಮುರಿದಿದ್ದವು. ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಪ್ಲೇಟ್ ಹಾಕಿ ಕಟ್ಟು ಕಟ್ಟಿದರು.

ಕಿವಿಯಣ್ಣ ಹೋದಾಗ ಅವಳು ಬೈಯಲಿಲ್ಲ, ಅಳಲಿಲ್ಲ, ಹಳೆಯ ಗಾಡಿ ಅಲ್ವಾ ಅಣ್ಣ, ಆಗುತ್ತೆ ಎಂದಳು. ಅವನೂ ಹೂಂ, ಹಳೆಯದು ಎಂದ. ಪೆಟ್ರೋಲಿನಲ್ಲಿ ಕಲಬೆರಕೆ ಇದ್ದಿರಬೇಕು, ಎಣ್ಣೆ ಕಮ್ಮಿ ಬಿದ್ದಿರಬೇಕು ಎಂದು ಮಂಚದ ಪಕ್ಕದಲ್ಲಿ ನಿಂತು ಒಂದಿಷ್ಟು ಹಾರಿಕೆಯ ಮಾತಾಡಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಹಣ್ಣಿನ ಚೀಲವನ್ನು ಕಿಟಕಿಯ ಮೇಲಿಟ್ಟು ಬೇಗ ಹೊರಟುಬಿಟ್ಟ.

ಮಾರನೆಯ ದಿನ ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿದ. ಸಿಲಿಂಡರ್ ಸುಲಭಕ್ಕೆ ಬರಲಿಲ್ಲ, ಮರದ ಕೊಡತಿಯಿಂದ ತಟ್ಟಿ ತಟ್ಟಿ ಬಿಡಿಸಬೇಕಾಯಿತು. ಪಿಸ್ಟನ್ನನ್ನು ಬೆಳಕಿಗೆ ಹಿಡಿದ. ಪಕ್ಕದಲ್ಲಿ ಉದ್ದಕ್ಕೆ ಗೀರುಗಳಿದ್ದವು. ಅವು ಎಣ್ಣೆ ಕಮ್ಮಿಯಾದರೂ ಬರುತ್ತವೆ. ಅವನು ಆ ಗೀರುಗಳನ್ನೇ ಸ್ವಲ್ಪ ಹೆಚ್ಚು ಹೊತ್ತು ನೋಡಿದ, ಯಾಕೆಂದರೆ ಮಸಿ ಒರೆಸಿ ತಲೆಯ ಭಾಗ ನೋಡುವುದು ಅವನಿಗೆ ಬೇಕಿರಲಿಲ್ಲ. ಕೊನೆಗೆ ಒರೆಸಿದ. ಪಿಸ್ಟನ್ನಿನ ತಲೆಯ ಅಂಚಿನಲ್ಲಿ, ಗುಬ್ಬಿ ಕುಕ್ಕಿದ ಹಾಗೆ, ಸಣ್ಣ ಸಣ್ಣ ಗುಳಿಗಳು. ಒಂದೆರಡಲ್ಲ, ಒಂದು ಬೆರಳಗಲಕ್ಕೆ ಒತ್ತೊತ್ತಾಗಿ.

ಆ ಗುಳಿಗಳು ಎಣ್ಣೆಯಿಂದ ಬರುವುದಿಲ್ಲ. ಕಲಬೆರಕೆ ಪೆಟ್ರೋಲಿನ ಒಂದು ದಿನದ ಓಟಕ್ಕೂ ಅಷ್ಟು ಬರುವುದಿಲ್ಲ. ಕಿಡಿ ಬೇಗ ಹಾರಿ, ದಿನಗಟ್ಟಲೆ ಕಿಣಿಕಿಣಿ ಎಂದು ಬಡಿದರೆ ಮಾತ್ರ ಬರುತ್ತವೆ. ಸದ್ದು ಇತ್ತು. ತಂಗಿ ಬೆನ್ನ ಹಿಂದೆ ಕೂತು ಕಿವಿಗೆ ಬಾಯಿ ಹಚ್ಚಿ ಹೇಳಿದಾಗ ಅದು ಅಲ್ಲೇ, ಅವನ ಎರಡು ಮೊಣಕಾಲುಗಳ ನಡುವೆಯೇ ಇತ್ತು. ಅವನು ಪಿಸ್ಟನ್ನನ್ನು ಬಟ್ಟೆಯಲ್ಲಿ ಸುತ್ತಿ, ಸ್ಟೂಲಿನ ಮೇಲೆ ಕೂತ. ವೆಲ್ಡಿಂಗಿನವನು ಬಂದು ಏನೋ ಕೇಳಿದ. ಅವನ ತುಟಿ ಅಲ್ಲಾಡುವುದು ಕಂಡಿತು. ಕಿವಿಯಣ್ಣನಿಗೆ ತನ್ನ ಮೇಲೆ ಎಂಥ ಹೇಸಿಗೆ ಹುಟ್ಟಿತೆಂದರೆ, ಆ ದಿನ ಶೆಡ್ಡಿಗೆ ಬೀಗ ಹಾಕುವಾಗ ಬಾಗಿಲ ಮೇಲೆ ಕಿವಿಯಣ್ಣ ಎಂದು ಬರೆಸಿದ್ದ ಬೋರ್ಡಿನ ಕಡೆ ತಲೆ ಎತ್ತಲಿಲ್ಲ.

ಯಾರಿಗೂ ಹೇಳಬೇಕಾಗಿರಲಿಲ್ಲ. ಪಿಸ್ಟನ್ ಓದಲು ಬರುವವರು ಆ ಬೀದಿಯಲ್ಲಿ ಅವನೊಬ್ಬನೇ. ಗುಜರಿಗೆ ಎಸೆದರೆ ಅವನ ಹೆಸರು ಹಾಗೇ ಉಳಿಯುತ್ತಿತ್ತು. ಮೂರು ದಿನ ಆ ಬಟ್ಟೆಯ ಗಂಟು ಜೇಬಿನಲ್ಲೇ ಇತ್ತು. ಎರಡು ಸಲ ಗುಜರಿಯವನ ಅಂಗಡಿಯ ತನಕ ಹೋಗಿ ಬಂದ. ನಾಲ್ಕನೆಯ ದಿನ ತಂಗಿಯ ಮನೆಗೆ ಹೋಗಿ, ಅವಳು ಒಂದೇ ಕೈಯಲ್ಲಿ ತರಕಾರಿ ಹೆಚ್ಚಲು ಒದ್ದಾಡುತ್ತಿದ್ದ ಮೇಜಿನ ಮೇಲೆ ಗಂಟು ಬಿಚ್ಚಿಟ್ಟ. ಗುಳಿ ತೋರಿಸಿದ. ಅವು ಹೇಗೆ ಬರುತ್ತವೆ ಎಂದು, ಗಿರಾಕಿಗೆ ಹೇಳುವ ಹಾಗೆ, ಮೊದಲಿಂದ ಕೊನೆಯವರೆಗೆ ವಿವರಿಸಿದ.

"ನೀನು ಹೇಳಿದ್ದು ಸರಿ ಇತ್ತು ಪುಟ್ಟಿ. ನನಗೆ ಕೇಳಿಸ್ಲಿಲ್ಲ. ನನಗೆ ಕಿವಿ ಕೇಳಿಸಲ್ಲ."

ತಂಗಿ ಚಾಕು ಕೆಳಗಿಟ್ಟಳು. ಅವನಿಗೆ ಕಾಣುವ ಹಾಗೆ ಮುಖ ಎತ್ತಿ, ನಿಧಾನವಾಗಿ ಮಾತಾಡಿದಳು. ಎಷ್ಟೋ ದಿನದಿಂದ ಅವಳು ಹಾಗೆಯೇ ಮಾತಾಡುತ್ತಿದ್ದಳು ಎಂಬುದು ಅವನಿಗೆ ಆಗ ಹೊಳೆಯಿತು.

"ಗೊತ್ತಿತ್ತು ಅಣ್ಣ. ಹಿಂದಿನಿಂದ ಕರೆದ್ರೆ ನೀನು ತಿರುಗೋದು ಬಿಟ್ಟು ಮೂರು ವರ್ಷ ಆಯ್ತು. ಮನುಷ್ಯರ ಮಾತು ಕೇಳದಿದ್ರೂ ಗಾಡಿ ಮಾತ್ರ ನಿನಗೆ ಕೇಳುತ್ತೆ ಅಂದ್ಕೊಂಡಿದ್ದೆ. ನೀನು ಇಲ್ಲ ಅಂದಾಗ, ನನ್ನ ಕಿವೀನೇ ಸರಿ ಇಲ್ವೇನೋ ಅನ್ನಿಸ್ತು."

ಇದಕ್ಕಿಂತ ಅವಳು ಪಿಸ್ಟನ್ನನ್ನು ಎತ್ತಿ ಅವನ ಮುಖಕ್ಕೆ ಎಸೆದಿದ್ದರೆ ಚೆನ್ನಾಗಿತ್ತು. ಅವನು ಚಾಕು ತೆಗೆದುಕೊಂಡು ಉಳಿದ ತರಕಾರಿ ಹೆಚ್ಚಿಕೊಟ್ಟ. ತುಂಡುಗಳು ದಪ್ಪ ದಪ್ಪವಾಗಿ ಬಂದವು.

ಎರಡು ತಿಂಗಳ ಮೇಲೆ ಅವಳ ಕಟ್ಟು ಬಿಚ್ಚಿದರು. ಬೆರಳುಗಳು ಅರ್ಧ ಮಡಚಿ ಅಲ್ಲೇ ನಿಲ್ಲುತ್ತಿದ್ದವು. ಹಿಡಿತ ಪೂರ್ತಿ ಬರುವುದಿಲ್ಲ, ವ್ಯಾಯಾಮ ಮಾಡುತ್ತಿರಿ ಎಂದರು ಡಾಕ್ಟರು. ಎಡಗೈಯಲ್ಲಿ ಚರ್ಮ ಬಿಗಿಯಾಗಿ ಎಳೆದು ಹಿಡಿಯಲಾಗದವಳಿಗೆ ರಕ್ತ ತೆಗೆಯುವ ಕೆಲಸ ಯಾರು ಕೊಡುತ್ತಾರೆ? ಅವಳನ್ನು ಚೀಟಿ ಬರೆಯುವ ಕೌಂಟರಿಗೆ ಹಾಕಿದರು. ಗಾಡಿ ಏನು ಮಾಡಲಿ, ಮಾರಿಬಿಡಲಾ ಎಂದು ಅವನು ಕೇಳಿದ. ಮೊದಲು ಸರಿ ಮಾಡು, ಈ ಸಲ ನಾನು ಕೇಳುತ್ತೇನೆ ಎಂದಳು. ಹೊಸ ಪಿಸ್ಟನ್ ಬಂತು, ಸಿಲಿಂಡರ್ ಕೊರೆಸಿದ್ದಾಯಿತು.

ಒಂದು ಮಧ್ಯಾಹ್ನ ಇಬ್ಬರೂ ಹೊರಟರು. ಒಪ್ಪಂದ ಸರಳ. ಸದ್ದು ಬಂದರೆ ಅವಳು ಅವನ ಎಡ ಹೆಗಲು ತಟ್ಟಬೇಕು. ಮೊದಲ ಏರಿನಲ್ಲಿ, ಕೊನೆಯ ತಿರುವಿಗೆ ಬಹಳ ಮೊದಲೇ ತಟ್ಟಿದಳು. ಅವನು ರಸ್ತೆಯ ಪಕ್ಕ ನಿಲ್ಲಿಸಿ, ಮಂಡಿಯೂರಿ, ಬಿಸಿ ಮುಚ್ಚಳ ತೆಗೆದು ತಟ್ಟೆಯನ್ನು ಈಚೆ ಸರಿಸಿದ. ಕೆಳಗಿಳಿದು ಮತ್ತೆ ಹತ್ತಿದರು. ಮತ್ತೆ ತಟ್ಟಿದಳು, ಈ ಸಲ ಸ್ವಲ್ಪ ಮೇಲೆ. ಹೀಗೆ ನಾಲ್ಕು ಸಲ. ಅವನಿಗೆ ಪ್ರತಿ ಸಲವೂ ಕೇಳಿದ್ದು ಅದೇ ಗುಡುಗುಡು, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲ. ನಲವತ್ತು ವರ್ಷದ ವಿದ್ಯೆಯೆಲ್ಲ ಹೆಗಲಿನ ಮೇಲೆ ಬೀಳುವ ಒಂದು ಮುರುಕು ಕೈಗೆ ಕಾಯುತ್ತಾ ಕೂತಿತ್ತು. ಐದನೆಯ ಸಲ ಅವಳು ಬಿದ್ದ ಜಾಗ ದಾಟಿತು. ಹೆಗಲು ಬಿಗಿ ಹಿಡಿದುಕೊಂಡೇ ಓಡಿಸಿದ. ಆಸ್ಪತ್ರೆಯ ಗೇಟಿನ ತನಕ ಕೈ ಬೀಳಲಿಲ್ಲ.

ಅವನು ಗಾಡಿಯನ್ನು ಗೋಡೆಯ ಪಕ್ಕ ನಿಲ್ಲಿಸಿ, ಎಂಜಿನ್ ಆರಿಸದೆ, ಇಳಿದು ತಿರುಗಿದ. ಸರಿಯಾಯಿತಾ ಎಂದು ಕೇಳಬೇಕೆಂದಿದ್ದ. ತಂಗಿ ಕಣ್ಣು ಮುಚ್ಚಿಕೊಂಡಿದ್ದಳು, ಕೆನ್ನೆ ಒದ್ದೆಯಾಗಿತ್ತು.

"ಡ್ಯೂಟಿ ಮುಗಿಯೋ ಹೊತ್ತಿಗೆ ಅವರು ಇಲ್ಲೇ ಬಂದು ನಿಲ್ತಿದ್ರು. ಮೇಲೆ ಲ್ಯಾಬಿಗೆ ಹೀಗೇ ಕೇಳ್ತಿತ್ತು."

ಅವಳು ಕಣ್ಣು ತೆರೆಯದೆ, ತನಗೇ ಎಂಬಂತೆ ಮೆಲ್ಲಗೆ ಹೇಳಿದಳು. ಅವನು ತುಟಿ ನೋಡಿಯೇ ಅರ್ಥ ಮಾಡಿಕೊಂಡ. ಸತ್ತವನು ಬರುತ್ತಿದ್ದ ಸದ್ದನ್ನು ಅವನು ತನ್ನ ಕೈಯಾರೆ ಮಾಡಿಕೊಟ್ಟಿದ್ದ, ಅದು ಹೇಗಿದೆ ಎಂದು ಅವನಿಗೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಟ್ಯಾಂಕಿನ ಮೇಲೆ ಅಂಗೈ ಇಟ್ಟ. ಟ್ಯಾಂಕು ಸಣ್ಣಗೆ ನಡುಗುತ್ತಿತ್ತು. ತಂಗಿ ಅರ್ಧ ಮಡಚಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಅವನು ಕೀಲಿಗೆ ಕೈ ಹಾಕಲಿಲ್ಲ. ಟ್ಯಾಂಕಿನ ತಳದಲ್ಲಿ ಉಳಿದಿದ್ದ ಪೆಟ್ರೋಲ್ ಮುಗಿಯುವ ತನಕ ಹಾಗೇ ನಿಂತಿದ್ದ.